ಹಳ್ಳದ ದಂಡೆಯ ಭಾನುವಾರ: ಮೆಲ್ಬರ್ನ್‌ನಲ್ಲಿ ಕಳೆ ಕೀಳಲು, ಸಸಿ ನೆಡಲು, ಕಪ್ಪೆ ಎಣಿಸಲು ಹೊರಡುವವರಿಗೆ

ಮೊದಲ ಭಾನುವಾರವೇ ನಾನು ಕೀಳಬಾರದ ಗಿಡ ಕಿತ್ತೆ. ಪಾಯಿಂಟ್ ಕುಕ್ ಹತ್ತಿರದ ಸ್ಕೆಲಿಟನ್ ಕ್ರೀಕ್ ದಂಡೆ, ಸೆಪ್ಟೆಂಬರಿನ ಬೆಳಗು, ಕೈಯಲ್ಲಿ ಎರವಲು ಕೈಗುದ್ದಲಿ. ಹಳದಿ ಹೂವಿನ ಫ್ಲಾಟ್‌ವೀಡ್ ಎಂಬ ಕಳೆ ಕೀಳಿ ಎಂದು ತೋರಿಸಿಕೊಟ್ಟಿದ್ದರು. ಗದಗಿನ ಕಡೆ ಹುಟ್ಟಿ, ಅಪ್ಪನ ಹೊಲದಲ್ಲಿ ಕಳೆ ತೆಗೆದು ಬೆಳೆದವಳಿಗೆ ಇದೇನು ಮಹಾ ಅಂದುಕೊಂಡು ಕಾಲು ಗಂಟೆಯಲ್ಲಿ ಬಕೆಟ್ ತುಂಬಿಸಿದೆ. ಒಂದು ಗಿಡದ ಬುಡದಲ್ಲಿ ಮಾತ್ರ ಎಳೆ ಮೂಲಂಗಿಯಂಥ ಬಿಳಿ ಗೆಡ್ಡೆ ಬಂತು. ಹಳ್ಳ ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿನ ಮುಂದಾಳು ಎಪ್ಪತ್ತು ದಾಟಿದ ಹೆಂಗಸು. ನೋಡಿ ಏನೂ ಅನ್ನಲಿಲ್ಲ. ಮಂಡಿಯೂರಿ ಕೂತು, ಅದೇ ಕುಳಿಗೆ ಗೆಡ್ಡೆ ಇಳಿಸಿ, ಮಣ್ಣು ಒತ್ತಿ, ತಮ್ಮ ಕುಡಿಯುವ ಬಾಟಲಿಯ ನೀರು ಹಾಕಿದರು.

ಅದು ಮರ್‌ನಾಂಗ್. ಈ ಸೀಮೆಯ ಮೂಲದವರಾದ ವದಾವುರಂಗ್, ಬುನುರಂಗ್ ಮೊದಲಾದ ಕುಲಿನ್ ಜನಕ್ಕೆ ಆ ಗೆಡ್ಡೆ ದಿನದ ಊಟವಾಗಿತ್ತು. 1835ರ ನಂತರ ವಲಸೆಗಾರರು ತಂದ ಕುರಿಗಳು ಅದನ್ನು ಬುಡಸಮೇತ ಮೇಯ್ದು, ಬಯಲಿಗೆ ಬಯಲೇ ಬರಿದಾಯಿತು. ಈಗ ಗುಂಪಿನವರು ಬೀಜದಿಂದ ಎಬ್ಬಿಸಿ ಹತ್ತಿಪ್ಪತ್ತು ಗಿಡ ನೆಡುತ್ತಾರೆ. ಅದರಲ್ಲೊಂದು ನನ್ನ ಬಕೆಟ್ಟಿಗೆ ಬಿದ್ದಿತ್ತು. ಗುರುತು ಹೇಳಿಬಿಡುತ್ತೇನೆ, ನಿಮಗೆ ಆ ಅವಮಾನ ಬೇಡ. ಫ್ಲಾಟ್‌ವೀಡಿನ ಎಲೆ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಸವರಿದರೆ ರೋಮ. ಮರ್‌ನಾಂಗ್ ಎಲೆ ಉದ್ದ, ತೆಳು, ಮೇಲಕ್ಕೆ ಚಾಚಿರುತ್ತದೆ. ಒಂದು ದಂಟಿಗೆ ಒಂದೇ ಹೂವು. ಮೊಗ್ಗು ಇದ್ದಾಗ ದಂಟು ತಲೆ ಬಗ್ಗಿಸಿ ನಿಂತಿರುತ್ತದೆ, ಅರಳುವಾಗ ನೆಟ್ಟಗಾಗುತ್ತದೆ. ತಲೆ ತಗ್ಗಿಸಿದ ಮೊಗ್ಗು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಅದಾಗಿ ಒಂಬತ್ತು ವರ್ಷ. ಆಸ್ಟ್ರೇಲಿಯಾಕ್ಕೆ ಬಂದ ನಮ್ಮವರು ಆಗಾಗ ಕೇಳುತ್ತಿರುತ್ತಾರೆ, ನಾವೂ ಬರಬಹುದಾ, ಏನು ಬೇಕು, ಮಕ್ಕಳನ್ನು ಕರೆತರಬಹುದಾ ಅಂತ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ಮೆಲ್ಬರ್ನ್‌ನ ಪಶ್ಚಿಮ ಭಾಗ. ಬೇರೆ ರಾಜ್ಯದವರು ಗಿಡದ ಹೆಸರು ಬದಲಿಸಿಕೊಂಡು ಓದಿ.

ಗುಂಪು ಸೇರುವುದು

ನಿಮ್ಮ ಮನೆ ಹತ್ತಿರದ ಹಳ್ಳ, ನದಿ, ಹುಲ್ಲುಗಾವಲು ಯಾವುದಿದೆ ನೋಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದರ ಹೆಸರಿನ ಮುಂದೆ 'ಫ್ರೆಂಡ್ಸ್ ಆಫ್' ಸೇರಿಸಿ ಹುಡುಕಿದರೆ ಬಹುಮಟ್ಟಿಗೆ ಒಂದು ಗುಂಪು ಸಿಗುತ್ತದೆ. ಸಿಡ್ನಿ ಕಡೆ ಇದೇ ಕೆಲಸಕ್ಕೆ ಬುಷ್‌ಕೇರ್ ಅನ್ನುತ್ತಾರೆ, ಕೌನ್ಸಿಲ್ಲಿನವರೇ ನಡೆಸುತ್ತಾರೆ. ಹಳ್ಳಿ ಕಡೆ ಲ್ಯಾಂಡ್‌ಕೇರ್. ಲ್ಯಾಂಡ್‌ಕೇರ್ ಶುರುವಾದದ್ದೂ ಇದೇ ವಿಕ್ಟೋರಿಯಾದಲ್ಲೇ, 1986ರಲ್ಲಿ, ಸೇಂಟ್ ಆರ್ನೋ ಹತ್ತಿರ. ಆಗಿನ ಮಂತ್ರಿ ಜೋನ್ ಕರ್ನರ್ ಮತ್ತು ರೈತರ ಒಕ್ಕೂಟದ ಹೆದರ್ ಮಿಚೆಲ್, ರಾಜಕೀಯವಾಗಿ ಎಣ್ಣೆ ಸೀಗೆಕಾಯಿ ಅನ್ನುವಂಥ ಇಬ್ಬರು ಹೆಂಗಸರು ಕೂಡಿ ಕಟ್ಟಿದ್ದು. ನನಗೆ ಬಹಳ ಇಷ್ಟದ ಸಂಗತಿ ಇದು.

ಗುಂಪಿನ ಕೆಲಸದ ದಿನಕ್ಕೆ 'ವರ್ಕಿಂಗ್ ಬೀ' ಅನ್ನುತ್ತಾರೆ. ತಿಂಗಳಿಗೊಂದು ಸಲ, ಬೆಳಗ್ಗೆ ಎರಡು ಗಂಟೆ, ಆಮೇಲೆ ಚಹಾ. ದುಡ್ಡು ಕೊಡಬೇಕಿಲ್ಲ. ಹೋದ ಕೂಡಲೇ ಹಾಳೆಯಲ್ಲಿ ಹೆಸರು ಬರೆಯಲು ಹೇಳುತ್ತಾರೆ. ಬಿಡಬೇಡಿ, ನಿಮಗೆ ವಿಮೆ ಸಿಗುವುದು ಆ ಸಹಿಯಿಂದ. ಶುರುವಿನಲ್ಲಿ ಈ ನೆಲದ ಮೂಲದವರನ್ನು ನೆನೆದು ಒಂದೆರಡು ಮಾತು ಹೇಳುತ್ತಾರೆ. ಆಗ ಮೊಬೈಲ್ ಒಳಗಿರಲಿ.

ಬಟ್ಟೆ ವಿಷಯ: ತುಂಬುತೋಳಿನ ಅಂಗಿ, ದಪ್ಪ ಪ್ಯಾಂಟು, ಪಾದ ಮುಚ್ಚುವ ಗಟ್ಟಿ ಬೂಟು, ಟೋಪಿ, ಸನ್‌ಸ್ಕ್ರೀನ್. ಕೈಗವಸು, ಗುದ್ದಲಿ ಅವರೇ ಕೊಡುತ್ತಾರೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಾವು ಓಡಾಡುವ ಕಾಲ, ಟೈಗರ್ ಸ್ನೇಕ್ ನಮ್ಮ ಹಳ್ಳದಲ್ಲಿ ಖಾಯಂ. ಕಂಡರೆ ನಿಂತುಬಿಡಿ, ಅದೇ ಹೋಗುತ್ತದೆ. ಬೂಟಿನ ತಳ ಮಾತ್ರ ಬರುವ ಮುಂಚೆಯೂ ಹೋಗುವ ಮುಂಚೆಯೂ ಬ್ರಶ್ಶಿನಿಂದ ಉಜ್ಜಿ, ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಬೇಕು. ಬೇರು ಕೊಳೆಸುವ ಫೈಟಾಫ್ತೊರಾ ರೋಗ ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತದೆ. ಸಾಕ್ಸಿಗೆ ಚುಚ್ಚಿಕೊಂಡ ಸೂಜಿಯಂಥ ಬೀಜಗಳನ್ನು ಅಲ್ಲಿಂದ ಇಲ್ಲಿಗೆ ಒಯ್ಯುವುದೂ ಬೇಡ. ಚಿಲಿಯನ್ ನೀಡಲ್ ಗ್ರಾಸ್ ಅನ್ನುವ ಪೀಡೆ ಹರಡಿದ್ದೇ ಹಾಗೆ. ಕಿತ್ತು ಕಸದ ಡಬ್ಬಿಗೆ ಹಾಕಿ.

ಕಳೆ

ಹೊಸಬರಿಗೆಲ್ಲ ಸಸಿ ನೆಡುವ ಆಸೆ. ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಗುಂಪಿನ ವರ್ಷದ ಮುಕ್ಕಾಲು ಕೆಲಸ ಕಳೆಯದ್ದೇ. ಮೊದಲ ಆರು ತಿಂಗಳು ಬರೀ ಕಳೆ ಕೀಳಲು ಹೋಗಿ ಅನ್ನುವುದು ನನ್ನ ಮಾತು. ಕಳೆ ಗೊತ್ತಾಗುವ ಹೊತ್ತಿಗೆ ಈ ನೆಲದ್ದೇ ಆದ ಊರಿನ ಗಿಡವೂ ಗೊತ್ತಾಗಿರುತ್ತದೆ.

ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಇಲ್ಲಿನ ಒಂದು ಗುಟ್ಟು. ನಮ್ಮ ಬುದ್ಧಿ ಸೀದಾ ಕಳೆ ದಟ್ಟವಾದ ಕಡೆಗೆ ಓಡುತ್ತದೆ. ಸಿಡ್ನಿಯ ಮಾಸ್ಮನ್‌ನಲ್ಲಿ 1960ರ ದಶಕದಲ್ಲಿ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು ಮನೆ ಹತ್ತಿರದ ಕಾಡಿನಲ್ಲಿ ಕಳೆ ಕೀಳುತ್ತ ಇದನ್ನು ತಿರುವುಮುರುವು ಮಾಡಿದರು. ಅವರ ಕ್ರಮ ಹೀಗೆ: ಚೆನ್ನಾಗಿರುವ ಜಾಗದಿಂದ ಶುರು ಮಾಡು, ಅಲ್ಲಿರುವ ನಾಲ್ಕೇ ಕಳೆ ತೆಗೆ, ಮಣ್ಣು ಕೆದಕಬೇಡ, ಕಿತ್ತ ಜಾಗಕ್ಕೆ ಊರಿನ ಗಿಡ ತಾನಾಗಿ ಬರುವ ತನಕ ಮುಂದಕ್ಕೆ ಹೋಗಬೇಡ. ನಮ್ಮ ಗುಂಪು ಈಗಲೂ ಹಾಗೇ ಮಾಡುತ್ತದೆ. ಒಂಬತ್ತು ವರ್ಷದಲ್ಲಿ ನಾವು ನಿಜವಾಗಿ ಹತೋಟಿಗೆ ತಂದ ಜಾಗ ಒಂದು ಕ್ರಿಕೆಟ್ ಮೈದಾನದಷ್ಟೂ ಇಲ್ಲ. ಆದರೆ ಅಲ್ಲಿ ಮತ್ತೆ ಕಳೆ ಹೊಕ್ಕಿಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ತಲೆನೋವು ಸೆರೇಟೆಡ್ ಟಸಕ್ ಎಂಬ ಹುಲ್ಲು. ದೂರಕ್ಕೆ ನೋಡಿದರೆ ಇಲ್ಲಿನದೇ ಪೋವಾ ಹುಲ್ಲಿನ ಹಾಗೇ ತೆಂಡೆ ಕಟ್ಟಿರುತ್ತದೆ. ಕಣ್ಣಿಗಿಂತ ಬೆರಳನ್ನು ನಂಬಿ. ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಿರಿ. ಹೂಬತ್ತಿ ಹೊಸೆದ ಹಾಗೆ ಸಲೀಸಾಗಿ ಉರುಳಿದರೆ ಅನುಮಾನ ಪಡಿ. ಆಮೇಲೆ ತುದಿಯಿಂದ ಬುಡಕ್ಕೆ ಬೆರಳು ಎಳೆಯಿರಿ, ಸಣ್ಣ ಗರಗಸದ ಹಲ್ಲು ತಾಗಿದ ಹಾಗಾದರೆ ಅದೇ. ಎಲೆ ಕಾಂಡಕ್ಕೆ ಕೂಡುವಲ್ಲಿ ಬಿಳಿಯ, ರೋಮವಿಲ್ಲದ ಪುಟ್ಟ ಪೊರೆಯೂ ಕಾಣುತ್ತದೆ. ಇಲ್ಲಿನ ಹುಲ್ಲುಗಳ ಎಲೆ ಹೆಚ್ಚಾಗಿ ಚಪ್ಪಟೆ, ಇಲ್ಲವೇ ಮಡಚಿದ್ದು, ಅಷ್ಟು ಸಲೀಸಾಗಿ ಉರುಳುವುದಿಲ್ಲ. ಮೊದಲ ನೂರು ತೆಂಡೆಯನ್ನು ಯಾರಿಗಾದರೂ ತೋರಿಸಿಯೇ ಕೀಳಿ.

ಆಫ್ರಿಕನ್ ಬಾಕ್ಸ್‌ಥಾರ್ನ್ ಅನ್ನುವ ಮುಳ್ಳುಪೊದೆಯ ಕಥೆ ಬೇರೆ. ಅದು ಕಳೆ ನಿಜ, ಆದರೆ ಬೇರೆ ಪೊದೆ ಇಲ್ಲದ ಕಡೆ ಫೇರಿರೆನ್ ಎಂಬ ಬೆರಳುದ್ದದ ನೀಲಿ ಹಕ್ಕಿ ಗೂಡು ಕಟ್ಟುವುದು ಅದರೊಳಗೇ. ಒಂದೇ ದಿನ ಎಲ್ಲ ಕಡಿದು ಹಾಕಿದರೆ ಹಕ್ಕಿ ಬೀದಿಗೆ ಬೀಳುತ್ತದೆ. ಪಕ್ಕದಲ್ಲಿ ಸ್ವೀಟ್ ಬರ್ಸೇರಿಯಾ, ಟ್ರೀ ವಯೊಲೆಟ್‌ನಂಥ ಇಲ್ಲಿನದೇ ಮುಳ್ಳುಗಿಡ ನೆಟ್ಟು, ಅವು ಸೊಂಟದೆತ್ತರ ಬಂದ ಮೇಲೆ ಒಂದೊಂದಾಗಿ ಕಡಿಯಬೇಕು. ಕಡಿದ ಬುಡಕ್ಕೆ ಔಷಧಿ ಬಳಿಯುವುದು ತರಬೇತಿ ಆದವರ ಕೆಲಸ. ನೀವು ಕೊಂಬೆ ಎಳೆದು ಹಾಕಿ ಸಾಕು, ಅದೇ ಸಾಕಷ್ಟು ರಕ್ತ ಬರಿಸುತ್ತದೆ.

ಬಯಲಿನಲ್ಲಿ ಕೆಲಸ ಮಾಡುವಾಗ ಕಲ್ಲು ಮಗುಚಬೇಡಿ, ಮನೆಯ ರಾಕ್ ಗಾರ್ಡನ್‌ಗೆ ಅಂತ ಒಂದು ಕಲ್ಲೂ ತರಬೇಡಿ. ಹಿಂದೆ ಜ್ವಾಲಾಮುಖಿಯ ಲಾವಾ ಹರಿದು ಆದ ಈ ಬಯಲಿನ ಮೂಲ ಹುಲ್ಲುಗಾವಲು ಉಳಿದಿರುವುದು ನೂರಕ್ಕೆ ಐದು ಪಾಲಿಗಿಂತ ಕಡಿಮೆ. 2008ರಲ್ಲೇ ಅದನ್ನು ಅತ್ಯಂತ ಅಪಾಯದಲ್ಲಿರುವ ನೆಲೆಗಳ ಪಟ್ಟಿಗೆ ಸೇರಿಸಿದ್ದಾರೆ. ಆ ಕಲ್ಲುಗಳ ಕೆಳಗೆ, ಮಣ್ಣಿನ ಬಿರುಕಿನೊಳಗೆ ಕಾಲಿಲ್ಲದ ಹಲ್ಲಿಗಳು ಬದುಕುತ್ತವೆ, ಹಾವೆಂದು ತಿಳಿದು ಜನ ಹೊಡೆದದ್ದೂ ಉಂಟು. ವಿಕ್ಟೋರಿಯನ್ ಗ್ರಾಸ್‌ಲ್ಯಾಂಡ್ ಇಯರ್‌ಲೆಸ್ ಡ್ರ್ಯಾಗನ್ ಎಂಬ ಪುಟ್ಟ ಓತಿಯಂತೂ 1969ರ ನಂತರ ಯಾರಿಗೂ ಕಂಡಿರಲಿಲ್ಲ, ಕಥೆ ಮುಗಿಯಿತು ಅಂದುಕೊಂಡಿದ್ದರು. 2023ರಲ್ಲಿ ಮೆಲ್ಬರ್ನ್‌ನ ಪಶ್ಚಿಮಕ್ಕೇ ಮತ್ತೆ ಸಿಕ್ಕಿತು. ಇಲ್ಲಿನ ಬಯಲಿನ ರಾಜ ಕಾಂಗರೂ ಗ್ರಾಸ್ ನಮ್ಮ ದಖ್ಖನ್ನಿನ ಬಯಲುಗಳಲ್ಲೂ ಬೆಳೆಯುವ ಜಾತಿ. ಬೇಸಿಗೆಗೆ ಬಾಯಿಬಿಡುವ ಮಣ್ಣೂ ನಮ್ಮ ಎರೆ ಹೊಲದ್ದೇ. ಖಾಲಿ ಸೈಟು ಅಂತ ನಮ್ಮವರು ಮೂಗು ಮುರಿಯುವಾಗ ನನಗೆ ಸಿಟ್ಟು ಬರುವುದು ಅದಕ್ಕೇ.

ನೆಡುವುದು

ನಾವು ಮಾಡಿದ ದೊಡ್ಡ ತಪ್ಪು ಮೊದಲು ಹೇಳಿಬಿಡುತ್ತೇನೆ. ಒಂದು ವರ್ಷ ನಮ್ಮ ಕನ್ನಡ ಬಳಗದವರು ಸೇರಿ ರಾಜ್ಯೋತ್ಸವಕ್ಕೆ ಗಿಡ ನೆಡೋಣ ಅಂತ ತೀರ್ಮಾನಿಸಿದೆವು. ಗೆಳೆಯರೊಬ್ಬರ ಐದೆಕರೆ ಜಮೀನು, ನವೆಂಬರ್ ತಿಂಗಳು, 120 ಸಸಿ. ಮಕ್ಕಳ ಕೈಯಲ್ಲಿ ಕೆಂಪು ಹಳದಿ ಬಾವುಟ. ಈಗ ಬೇಡ ಅಂತ ನರ್ಸರಿಯ ಹೆಂಗಸು ಎರಡು ಸಲ ಹೇಳಿದ್ದಳು, ನಾವೇ ಹಟ ಹಿಡಿದೆವು. ಜನವರಿಯಲ್ಲಿ ಬಿಸಿಗಾಳಿ ಬೀಸಿತು. ಮಾರ್ಚಿನಲ್ಲಿ ಹೋಗಿ ಎಣಿಸಿದಾಗ ಬದುಕಿದ್ದವು ಹನ್ನೊಂದು. ಪಶ್ಚಿಮ ಮೆಲ್ಬರ್ನ್‌ಗೆ ಮಳೆ ಕಡಿಮೆ, ವರ್ಷಕ್ಕೆ ಐನೂರು ಮಿಲಿಮೀಟರ್ ಚಿಲ್ಲರೆ. ಇಲ್ಲಿ ನೆಡುವ ಕಾಲ ಮೇ ತಿಂಗಳಿಂದ ಆಗಸ್ಟ್. ಜುಲೈ ಕೊನೆಯ ಭಾನುವಾರ ನ್ಯಾಷನಲ್ ಟ್ರೀ ಡೇ ಇಟ್ಟಿರುವುದೂ ಸುಮ್ಮನೆ ಅಲ್ಲ. 1996ರಿಂದ ನಡೆಯುತ್ತಿದೆ, ಊರೂರಲ್ಲಿ ಜಾಗ ಗೊತ್ತು ಮಾಡಿರುತ್ತಾರೆ, ಮೊದಲ ಸಲ ಬರುವವರಿಗೆ ಹೇಳಿ ಮಾಡಿಸಿದ ದಿನ. ರಾಜ್ಯೋತ್ಸವಕ್ಕೆ ಈಗ ನಾವು ನೆಡುವುದನ್ನು ಬಿಟ್ಟು, ಹಿಂದಿನ ಚಳಿಗಾಲದಲ್ಲಿ ನೆಟ್ಟ ಸಸಿಗಳ ಬುಡದ ಕಳೆ ತೆಗೆಯುತ್ತೇವೆ.

ಇನ್ನೊಂದು ಸಂಗತಿ: ಆಸ್ಟ್ರೇಲಿಯಾದ ಗಿಡ ಅಂದಾಕ್ಷಣ ಎಲ್ಲ ಕಡೆಗೂ ಒಪ್ಪುವುದಿಲ್ಲ. ಕೂಟಮಂಡ್ರಾ ವ್ಯಾಟಲ್ ಎಂಬ ಹಳದಿ ಹೂವಿನ, ಜಾಲಿಯ ಬಳಗದ ಮರ ನ್ಯೂ ಸೌತ್ ವೇಲ್ಸ್‌ನದು, ವಿಕ್ಟೋರಿಯಾದಲ್ಲಿ ಅದು ಕಳೆ. ದೊಡ್ಡ ಅಂಗಡಿಯಲ್ಲಿ 'ನೇಟಿವ್' ಅನ್ನುವ ಚೀಟಿ ನೋಡಿ ಮೋಸ ಹೋಗಬೇಡಿ. 'ಇಂಡಿಜಿನಸ್' ನರ್ಸರಿ ಅಂತ ಕೇಳಿ ಹೋಗಿ. ಅಲ್ಲಿ ಸುತ್ತಲಿನ ನೆಲದ ಬೀಜದಿಂದಲೇ ಸಸಿ ಎಬ್ಬಿಸಿರುತ್ತಾರೆ. ಟ್ಯೂಬ್‌ಸ್ಟಾಕ್ ಎಂಬ, ಕಿರಿದಾದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಬೆಳೆಸಿದ ಅಂಗೈಯುದ್ದದ ಸಸಿಗೆ ಹೋದ ಸಲ ನಾನು ಕೊಟ್ಟದ್ದು ನಾಲ್ಕು ಡಾಲರ್ ಚಿಲ್ಲರೆ. ನೂರಾರು ಬೇಕಿದ್ದರೆ ಹಿಂದಿನ ಬೇಸಿಗೆಯೊಳಗೇ ಹೇಳಿಡಬೇಕು. ಹಳ್ಳದ ಪಕ್ಕದ ಬೀಜ ನಾವೇ ಆರಿಸಿಕೊಂಡರಾಯಿತು ಅನ್ನಬೇಡಿ, ಸಾರ್ವಜನಿಕ ಜಾಗದಲ್ಲಿ ಅದಕ್ಕೆ ಪರವಾನಗಿ ಬೇಕು. ನಿಮ್ಮಷ್ಟಕ್ಕೆ ನೀವೇ ಅಲ್ಲಿ ನೆಡುವುದಕ್ಕೂ ಜಾಗದ ಒಡೆತನ ಇರುವವರ ಒಪ್ಪಿಗೆ ಬೇಕು.

ನೆಡುವ ಕ್ರಮ. ಮೊದಲು ಸಸಿಯ ಟ್ಯೂಬನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವ ತನಕ ಹಿಡಿಯಿರಿ. ಕಾಲಿನಿಂದ ತುಳಿದರೆ ಕೊಳವೆಯ ಹಾಗೆ ಮಣ್ಣೆತ್ತುವ ಹ್ಯಾಮಿಲ್ಟನ್ ಪ್ಲಾಂಟರ್ ಕೊಡುತ್ತಾರೆ, ಮಕ್ಕಳಿಗೆ ಅದೊಂದು ಆಟ. ನಮ್ಮ ಜಿಗುಟು ಮಣ್ಣಿನಲ್ಲಿ ಅದು ತೋಡಿದ ಗುಣಿಯ ಗೋಡೆ ಮಡಕೆಯ ಒಳಮೈಯಂತೆ ನುಣ್ಣಗಾಗುತ್ತದೆ. ಬೇರು ಅದನ್ನು ಭೇದಿಸಲಾರದೆ ಒಳಗೇ ಸುತ್ತುತ್ತದೆ. ಆದ್ದರಿಂದ ಕಡ್ಡಿಯಿಂದ ಸುತ್ತ ಗೀಚಿ, ಗುಣಿಗೆ ನೀರು ಹಾಕಿ ಇಂಗಲು ಬಿಡಿ. ಟ್ಯೂಬನ್ನು ಅದುಮಿ, ತಲೆಕೆಳಗೆ ಮಾಡಿ, ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಕಳಚಿ. ಕಾಂಡ ಹಿಡಿದು ಎಳೆಯಬಾರದು. ಬುಡದಲ್ಲಿ ಬೇರು ಸುರುಳಿ ಕಟ್ಟಿದ್ದರೆ ಮೆಲ್ಲಗೆ ಬಿಡಿಸಿ. ಟ್ಯೂಬಿನ ಮಣ್ಣು ನೆಲಮಟ್ಟಕ್ಕಿಂತ ಒಂದು ಬೆರಳು ಕೆಳಗಿರಲಿ, ಮೇಲೆ ಅಲ್ಲಿನದೇ ಮಣ್ಣು ಮುಚ್ಚಿ. ಹಾಗೆ ಮುಚ್ಚದಿದ್ದರೆ ಟ್ಯೂಬಿನ ಹಗುರ ಮಣ್ಣು ಬಿಸಿಲಿಗೆ ಬತ್ತಿಯ ಹಾಗೆ ತೇವವನ್ನೆಲ್ಲ ಹೀರಿ ಮೇಲಕ್ಕೆ ಬಿಡುತ್ತದೆ. ಅಂಗೈಯಿಂದ ಒತ್ತಿ, ಬೂಟಿನಿಂದ ತುಳಿಯಬೇಡಿ. ಸುತ್ತ ತಟ್ಟೆಯಷ್ಟು ಪಾತಿ, ಅರ್ಧ ಬಕೆಟ್ ನೀರು, ಆಮೇಲೆ ಗಾರ್ಡು. ಗಾರ್ಡು ಅಂದರೆ ಸಸಿಯ ಸುತ್ತ ನಿಲ್ಲಿಸುವ ಪ್ಲಾಸ್ಟಿಕ್ ಕವಚ, ಮೊಲಕ್ಕೆ ಅಡ್ಡ. ಖಾಲಿ ಟ್ಯೂಬುಗಳನ್ನು ಎಣಿಸಿ ವಾಪಸು ಕೊಡಿ, ನರ್ಸರಿ ಮತ್ತೆ ಬಳಸುತ್ತದೆ. ಎರಡು ವರ್ಷ ಕಳೆದ ಮೇಲೆ ಗಾರ್ಡು ಬಿಚ್ಚಲೂ ಬನ್ನಿ. ಬಿಚ್ಚಲು ಬರುವವರು ಬಹಳ ಕಡಿಮೆ, ಗಾಳಿಗೆ ಕಿತ್ತುಬಂದ ಪ್ಲಾಸ್ಟಿಕ್ ಹಳ್ಳ ಸೇರುತ್ತದೆ. ಮಾರ್ಚ್ ಮೊದಲ ಭಾನುವಾರದ ಕ್ಲೀನ್ ಅಪ್ ಆಸ್ಟ್ರೇಲಿಯಾ ಡೇಗೆ ನಾನು ಹಳ್ಳದಿಂದ ಎತ್ತಿದ ಕಸದಲ್ಲಿ ನಮ್ಮದೇ ಗಾರ್ಡುಗಳು ಸಿಕ್ಕಿವೆ.

ಬಳಗ ಕಟ್ಟಿಕೊಂಡು ಬರುವವರಿಗೆ ಎರಡು ಮಾತು. ಎರಡು ಮೂರು ತಿಂಗಳು ಮುಂಚೆ ಗುಂಪಿನವರಿಗೆ ಬರೆಯಿರಿ, ಮೂವತ್ತು ಜನಕ್ಕಿಂತ ಹೆಚ್ಚು ಬೇಡ. ನಾವು ಒಮ್ಮೆ ಅರವತ್ತು ಜನ ಹೋಗಿ, ನೆಟ್ಟದ್ದಕ್ಕಿಂತ ತುಳಿದದ್ದೇ ಜಾಸ್ತಿ ಆಯಿತು. ಚಹಾದ ಹೊತ್ತಿಗೆ ಚುರುಮುರಿ ತಂದರೆ ನಿಮ್ಮನ್ನು ಯಾರೂ ಮರೆಯುವುದಿಲ್ಲ, ಆದರೆ ಸ್ಟೀಲ್ ಬಟ್ಟಲಲ್ಲಿ ತನ್ನಿ. ಗಣೇಶ, ಹೂವಿನ ನಿರ್ಮಾಲ್ಯ ಇವನ್ನು ಹಳ್ಳಕ್ಕೆ ಬಿಡಬೇಡಿ. ಮನೆಯ ಬಕೆಟ್ಟಿನಲ್ಲಿ ಕರಗಿಸಿದ ಗಣೇಶನಿಗೆ ಸಿಟ್ಟು ಬಂದದ್ದು ನಾನಂತೂ ಕಂಡಿಲ್ಲ.

ಮನೆಯ ಹಿತ್ತಲು

ಹಿತ್ತಲಿನ ವಿಚಾರ ಚಿಕ್ಕದು. ದೊಡ್ಡ ಹೂವಿನ ಗ್ರೆವಿಲಿಯಾ ಗಿಡ ತುಂಬಿಸಿದರೆ ನಾಯ್ಸಿ ಮೈನರ್ ಎಂಬ ಜಗಳಗಂಟಿ ಹಕ್ಕಿ ಬಂದು ಠಿಕಾಣಿ ಹೂಡಿ ಸಣ್ಣ ಹಕ್ಕಿಗಳನ್ನು ಓಡಿಸುತ್ತದೆ. ಸಣ್ಣ ಹೂವಿನ, ಮುಳ್ಳಿರುವ ಪೊದೆ ಬೆಳೆಸಿ. ಬಸವನಹುಳಕ್ಕೆ ವಿಷದ ಗುಳಿಗೆ ಹಾಕಬೇಡಿ. ಬ್ಲೂಟಂಗ್, ಅಂದರೆ ನಮ್ಮ ಹಾವುರಾಣಿಯ ದೊಡ್ಡಣ್ಣ, ಆ ಹುಳ ತಿಂದು ಸಾಯುತ್ತದೆ. ಇಲಿ ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಗೂ ಅದೇ ಗತಿ. ಬೆಕ್ಕು ರಾತ್ರಿ ಒಳಗಿರಲಿ. ಒಣಗಿದ ಹಳೇ ಗಮ್ ಮರವನ್ನು, ಅಂದರೆ ನಮ್ಮ ನೀಲಗಿರಿಯ ಬಳಗದ್ದನ್ನು, ಅಪಾಯವಿಲ್ಲದಿದ್ದರೆ ಹಾಗೇ ಬಿಡಿ. ಪೊಟರೆ ಆಗಲು ನೂರು ವರ್ಷವಾದರೂ ಬೇಕು, ಪೋಸಮ್ಮು, ಗಿಳಿ, ಬಾವಲಿ ಸೇರಿ ಈ ದೇಶದ ಮುನ್ನೂರರಷ್ಟು ಜಾತಿಯ ಪ್ರಾಣಿಪಕ್ಷಿಗಳು ಪೊಟರೆಯನ್ನು ನೆಚ್ಚಿವೆ.

ರಸ್ತೆಯಲ್ಲಿ ಕಾಂಗರೂ ಸತ್ತು ಬಿದ್ದಿದ್ದರೆ, ಗಾಡಿ ಸುರಕ್ಷಿತವಾಗಿ ನಿಲ್ಲಿಸಲು ಆದರೆ ಮಾತ್ರ, ಹೊಟ್ಟೆಚೀಲ ನೋಡಿ. ಮರಿ ಮೊಲೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಕಾಡುಪ್ರಾಣಿ ರಕ್ಷಿಸುವ ವೈಲ್ಡ್‌ಲೈಫ್ ವಿಕ್ಟೋರಿಯಾ ಸಂಸ್ಥೆಗೆ ಫೋನ್ ಮಾಡಿ, ನ್ಯೂ ಸೌತ್ ವೇಲ್ಸ್ ಆದರೆ ವೈರ್ಸ್‌ಗೆ. ಗಾಯವಾದ ಹಕ್ಕಿ ಸಿಕ್ಕರೆ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಕತ್ತಲಲ್ಲಿ ಇಡಿ. ಹಾಲು, ಅನ್ನ ಏನೂ ಬೇಡ. ಸಾಕಿಕೊಳ್ಳುತ್ತೇನೆ ಅಂದರೆ ಕಾನೂನು ಒಪ್ಪುವುದಿಲ್ಲ.

ಎಣಿಸುವುದು

ಬೆನ್ನುನೋವಿನವರಿಗೆ, ಅಜ್ಜ ಅಜ್ಜಿಯರಿಗೆ, ಪುಟ್ಟ ಮಕ್ಕಳಿಗೆ ಇದು ಒಳ್ಳೆಯ ಕೆಲಸ. ಆಸ್ಟ್ರೇಲಿಯನ್ ಮ್ಯೂಸಿಯಂ 2017ರಲ್ಲಿ ಫ್ರಾಗ್‌ಐಡಿ ಎಂಬ ಆ್ಯಪ್ ತಂದಿದೆ. ಮಳೆ ಬಂದ ಸಂಜೆ ಹಳ್ಳದ ಪಕ್ಕ ನಿಂತು, ಮಾತಾಡದೆ, ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಿದರೆ ಅಲ್ಲಿನವರು ಕೇಳಿ ಯಾವ ಕಪ್ಪೆ ಅಂತ ತಿಳಿಸುತ್ತಾರೆ. ಕಪ್ಪೆ ಕಾಣಬೇಕಿಲ್ಲ, ಮುಟ್ಟಲಂತೂ ಬಾರದು, ಅವಕ್ಕೆ ಚರ್ಮದ ಬೂಷ್ಟುರೋಗ ನಮ್ಮ ಕೈಯಿಂದ ದಾಟುತ್ತದೆ. ನಮ್ಮ ಊರಿಂದ ಬಂದಿದ್ದ ಅತ್ತೆಯವರು ಮೊದಲ ದಿನವೇ ಪಾಬಲ್‌ಬಾಂಕ್ ಕಪ್ಪೆಯನ್ನು ಹಿಡಿದರು, ಕಿವಿಯಲ್ಲಿ. 'ಯಾರೋ ತಂಬೂರಿಯ ಒಂದೇ ತಂತಿ ಮೀಟಿ ಮೀಟಿ ಬಿಡಾಕತ್ತಾರ ನೋಡವಾ' ಅಂದರು. ಅದರ ಧ್ವನಿಗೆ ಅದಕ್ಕಿಂತ ಒಳ್ಳೆಯ ವಿವರಣೆ ನಾನು ಕೇಳಿಲ್ಲ. ನವೆಂಬರಿನಲ್ಲಿ ಇದಕ್ಕೇ ಒಂದು ವಾರ ಮೀಸಲಿದೆ. ಬಳಗದ ಎಂಟು ಮನೆಯವರು ಎಂಟು ಕಡೆ ನಿಂತು ರೆಕಾರ್ಡ್ ಮಾಡುತ್ತೇವೆ.

ಸೆಪ್ಟೆಂಬರ್ 1 ವ್ಯಾಟಲ್ ಡೇ. ಸೆಪ್ಟೆಂಬರ್ 7 ಅಳಿವಿನಂಚಿನ ಜೀವಿಗಳ ದಿನ, 1936ರಲ್ಲಿ ಹೋಬಾರ್ಟ್ ಮೃಗಾಲಯದಲ್ಲಿ ಗೊತ್ತಿರುವ ಕೊನೆಯ ಥೈಲಸೀನ್ (ಟಾಸ್ಮೇನಿಯಾದ ಹುಲಿ ಅನ್ನುವ ಪ್ರಾಣಿ) ಸತ್ತದ್ದು ಅಂದು. ಮಕ್ಕಳ ಶಾಲೆಯಲ್ಲಿ ಏನಾದರೂ ನಡೆದೇ ಇರುತ್ತದೆ, ಕೇಳಿ ಸೇರಿಕೊಳ್ಳಿ.

ಅಕ್ಟೋಬರಿನಲ್ಲಿ ಬರ್ಡ್‌ಲೈಫ್ ಆಸ್ಟ್ರೇಲಿಯಾದವರ ಹಕ್ಕಿ ಎಣಿಕೆ, 2014ರಿಂದ ನಡೆಯುತ್ತಿದೆ. ಹಿತ್ತಲು, ಪಾರ್ಕು, ಬಸ್ ಸ್ಟಾಪ್ ಎಲ್ಲಾದರೂ ಇಪ್ಪತ್ತು ನಿಮಿಷ ಕೂತು ಕಂಡದ್ದನ್ನು ಆ್ಯಪಿಗೆ ಹಾಕುವುದು. ಮೊದಲ ವರ್ಷ ನನ್ನ ಪಟ್ಟಿ ಹೀಗಿತ್ತು: ಮ್ಯಾಗ್‌ಪೈ ಎರಡು, ಗುಬ್ಬಿ ನಾಲ್ಕು, ಇಂಡಿಯನ್ ಮೈನಾ ಹದಿನೇಳು. ನಮ್ಮ ಗೊರವಂಕವೇ ಅದು. ಹುಳ ತಿನ್ನಲಿ ಅಂತ 1862ರಲ್ಲಿ ಮೆಲ್ಬರ್ನ್‌ಗೆ ತಂದು ಬಿಟ್ಟರಂತೆ, ಈಗ ಊರ ಹಕ್ಕಿಗಳ ಪೊಟರೆ ಕಸಿದುಕೊಂಡು ಕೂತಿದೆ. ಗುಂಪಿನಲ್ಲಿ ಯಾರೋ 'ಈ ಇಂಡಿಯನ್‌ಗಳದ್ದೇ ಕಾಟ' ಅಂದು, ನನ್ನ ಕಡೆ ನೋಡಿ ಮುಖ ಕೆಂಪು ಮಾಡಿಕೊಂಡರು. ನಾವು ವೀಸಾ ತಗೊಂಡು ಬಂದವರು ಅಂದೆ. ಬರೀ ಗೊರವಂಕ ಬಂದವು ಅಂತ ಪಟ್ಟಿ ಕಳಿಸದೆ ಇರಬೇಡಿ, ಅದನ್ನೂ ಎಣಿಸಿ ಕಳಿಸಬೇಕು. ಹೋದ ಅಕ್ಟೋಬರಿನಲ್ಲಿ ಅದೇ ಹಿತ್ತಲು, ಅದೇ ಕುರ್ಚಿ, ಇಪ್ಪತ್ತು ನಿಮಿಷ: ಗೊರವಂಕ ಹದಿನಾಲ್ಕು, ಬರ್ಸೇರಿಯಾ ಪೊದೆಯೊಳಗೆ ಫೇರಿರೆನ್ ಒಂದು ಜೋಡಿ.